ಇಬ್ಬರು ಎಂದು ಬರೆದ ವರದಿ

ಬಾಗಲೂರಿನ ಆ ಹೆಂಗಸು ನನ್ನನ್ನು ಪೇಪರಣ್ಣ ಎಂದೇ ಕರೆಯುತ್ತಿದ್ದಳು. ನಾನು ಹೊಸೂರಿನಲ್ಲಿ ಒಂದು ತಮಿಳು ದಿನಪತ್ರಿಕೆಯ ವರದಿಗಾರನಾಗಿದ್ದೆ. ಪತ್ರಿಕೆ ನಿಂತುಹೋಗಿ ಎಷ್ಟೋ ಕಾಲವಾದರೂ ಆ ಹೆಸರು ಉಳಿದಿತ್ತು. ಕಳೆದ ವರ್ಷ ಒಂದು ಬೆಳಿಗ್ಗೆ ಅವಳು ಅವಲಪಲ್ಲಿಯ ನಮ್ಮ ಮನೆಗೆ ಬಂದು, ಕೊಟ್ಟ ನೀರನ್ನೂ ಕುಡಿಯದೆ ವಿಷಯ ಹೇಳಿದಳು.

ಅದಕ್ಕೂ ಇಪ್ಪತ್ತೆರಡು ವರ್ಷದ ಹಿಂದೆ ಕೃಷ್ಣಗಿರಿ ಕಡೆಯ ಒಂದು ಕಲ್ಲುಕ್ವಾರಿಯಲ್ಲಿ ಬಂಡೆ ಜರಿದಿತ್ತು. ಇಬ್ಬರ ಹೆಣ ಸಿಕ್ಕಿತು. ಅಲ್ಲೇ ಕೆಲಸಕ್ಕಿದ್ದ ಅವಳ ಗಂಡನದು ಸಿಗಲಿಲ್ಲ. ಆ ವಾರವೇ ಅವಳು ಕುಂಕುಮ ಅಳಿಸಿದಳು. ಅವನ ಅಣ್ಣತಮ್ಮಂದಿರು ಮಾತ್ರ ಅವನು ಸತ್ತೇ ಇಲ್ಲ ಎನ್ನುತ್ತ ಬಂದರು.

"ಆಂಧ್ರಕ್ಕೋಗಿ ಇನ್ನೊಬ್ಳನ್ನ ಕಟ್ಕೊಂಡವ್ನಂತೆ. ಬದುಕಿರೋ ಗಂಡನ್ನ ಸಾಯ್ಸಿದೋಳು ಅಂತಾರೆ ನನ್ನ. ನಮ್ ಓರಗಿತ್ತಿ ಮದ್ವೆ ಮನೇಲೂ ಎಲ್ಲಾರ ಮುಂದೆ ಅದೇ ಯೋಳ್ತಾಳೆ."

ಅವನು ಸತ್ತನೆಂದು ಒಂದು ಸರ್ಕಾರಿ ಕಾಗದ ಅವಳಿಗೆ ಬೇಕಿತ್ತು. ಮರಣ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದಳು. ಆಗಿನ ಯಾವುದಾದರೂ ದಾಖಲೆ ತನ್ನಿ, ಪೇಪರಿನಲ್ಲಿ ಬಂದ ಸುದ್ದಿಯಾದರೂ ಸರಿ ಎಂದು ಕಚೇರಿಯಲ್ಲಿ ಹೇಳಿದ್ದರಂತೆ.

"ನೀನು ಅವತ್ತು ಬಂದಿದ್ದೆ ಪೇಪರಣ್ಣ. ನಾನ್ ಯೋಳಿದ್ದೆಲ್ಲ ಪುಸ್ತಕದಾಗೆ ಬರ್ಕೊಂಡೆ."

ಬರೆದುಕೊಂಡದ್ದು ನನಗೂ ನೆನಪಿತ್ತು. ಮೂವರು ಸತ್ತರೆಂದು ವರದಿ ಕಳಿಸಿದ್ದೂ ನೆನಪಿತ್ತು. "ಬಂದಿದೆ ತಾಯಿ, ತಂದ್ಕೊಡ್ತೀನಿ," ಎಂದೆ. ಪರಿಶೀಲಿಸದೆ ಹೇಳಿದ ಮಾತು ಅದು.

ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಬೈಂಡು ಮಾಡಿಸಿ ಚೆನ್ನೈನ ಒಂದು ಗ್ರಂಥಾಲಯದಲ್ಲಿ ಇಟ್ಟಿದ್ದರು. ಸಮುದ್ರದ ಕಡೆಗೆ ಹೋಗಬೇಕಾದ ನಾನು ರೈಲು ಹಿಡಿಯಲು ಮೊದಲು ಬೆಂಗಳೂರಿಗೆ ಹೋಗಬೇಕಾಯಿತು. ಗಡಿಯ ಜೂಜುವಾಡಿಯಲ್ಲಿ ಲಾರಿಗಳ ಹಿಂದೆ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಆದರೂ ರೈಲು ಸಿಕ್ಕಿತು.

ಎದುರು ಸೀಟಿನವನು ಬಂಗಾರಪೇಟೆ ದಾಟುವ ಹೊತ್ತಿಗೆ ಮಾತಿಗೆಳೆದ.

"ಏನ್ ಸಾರ್, ಮದ್ರಾಸ್ಗೆ ಆಸ್ಪತ್ರೆಗಾ?"

"ಅಲ್ಲ. ಒಂದು ಹಳೇ ಪೇಪರ್ ನೋಡ್ಬೇಕು."

"ಮೊಬೈಲ್ನಾಗೆ ಬರಾಕಿಲ್ವಾ?"

"ಇಲ್ಲ."

"ಹಂಗಾದ್ರೆ ಅದು ನಡ್ದೇ ಇಲ್ಲ ಬುಡಿ ಸಾರ್," ಎಂದು ನಕ್ಕ. ನಾನೂ ನಕ್ಕೆ. ಕುಪ್ಪಂ ಆಚೆ, ಅರ್ಧ ಕತ್ತರಿಸಿ ಬಿಟ್ಟ ಗುಡ್ಡಗಳು ಕಿಟಕಿಯಲ್ಲಿ ಬಂದವು. ಜೋಲಾರಪೇಟೆಯವರೆಗೂ ಅವುಗಳನ್ನೇ ನೋಡುತ್ತ ಕೂತೆ.

ಮರುದಿನ ಗ್ರಂಥಾಲಯದವರು ಆ ವರ್ಷದ ಬೈಂಡನ್ನು ಮೇಜಿನ ಮೇಲಿಟ್ಟು, ಹಾಳೆಯನ್ನು ಎರಡೂ ಕೈಯಲ್ಲಿ ಮಗುಚಿ ಎಂದರು. ಅಂಚುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಐದನೇ ಪುಟದ ಕೆಳಗೆ ಒಂಬತ್ತು ಸಾಲು ಸಿಕ್ಕಿತು. ಬಂಡೆ ಜರಿದು ಇಬ್ಬರು ಸಾವು. ಇಬ್ಬರ ಹೆಸರು, ವಯಸ್ಸು, ಊರು ಇದ್ದವು. ಕೊನೆಯ ಸಾಲು: ಬೇರೆ ಯಾರೂ ಸ್ಥಳದಲ್ಲಿರಲಿಲ್ಲ ಎಂದು ಪೊಲೀಸರು ತಿಳಿಸಿದ್ದಾರೆ.

ಮರುದಿನದ ಸಂಚಿಕೆ ನೋಡಿದೆ. ಆ ತಿಂಗಳು ಪೂರ್ತಿ ನೋಡಿದೆ. ಏನೂ ಇರಲಿಲ್ಲ.

ನಿಜವಾಗಿ ನಡೆದದ್ದು ಆಗ ನೆನಪಾಯಿತು. ಪೊಲೀಸರು ತಮಿಳಿನಲ್ಲಿ ಇಬ್ಬರು ಎಂದರು. ಅವಳು ಕನ್ನಡದಲ್ಲಿ, ನನ್ನ ತೋಳು ಹಿಡಿದು, ಇನ್ನೊಬ್ಬ ಒಳಗವ್ನೆ ಎಂದಳು. ನನ್ನ ಪುಸ್ತಕದಲ್ಲಿ 'ಮೂರನೆಯವನು' ಎಂದು ಕನ್ನಡದಲ್ಲೇ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ದೂರವಾಣಿಯಲ್ಲಿ ಸುದ್ದಿ ಓದಿದಾಗ ಸಂಪಾದಕೀಯ ವಿಭಾಗದವರು ಖಚಿತವೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಬಿಡು ಎಂದರು. ನಾಳೆ ಮತ್ತೆ ಹೋಗಿ ವಿಚಾರಿಸುತ್ತೇನೆಂದು ಹೇಳಿದ್ದೆ. ಮರುದಿನ ಮಂತ್ರಿಯೊಬ್ಬರ ಭೇಟಿಯಿತ್ತು, ಹೋಗಲಿಲ್ಲ. ವರ್ಷಗಳು ಕಳೆದಂತೆ ಆ ಚಿಹ್ನೆ ನನ್ನ ನೆನಪಿನಿಂದ ಬಿದ್ದುಹೋಗಿ, ಮೂರು ಮಾತ್ರ ಉಳಿದಿತ್ತು.

ಒಂದು ನಕಲು ತೆಗೆಸಿಕೊಂಡೆ. ಸಮುದ್ರ ಹತ್ತಿರವೇ ಇತ್ತು. ನೋಡಲಿಲ್ಲ.

ಬಾಗಲೂರಿನ ಬಸ್ ನಿಲ್ದಾಣದಲ್ಲಿ ಅವಳು ಕಾಯುತ್ತಿದ್ದಳು. ಅವಳಿಗೆ ತಮಿಳು ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಬೇಕಿದ್ದರೆ ನಾನು ಮೂರು ಎಂದೇ ಓದಬಹುದಿತ್ತು. ಇದ್ದದ್ದನ್ನು ಓದಿದೆ.

"ನೀನೇ ಬರ್ದಿದ್ದಾ?"

"ನಾನೇ."

"ನಾನ್ ಯೋಳಿದ್ದು?"

"ಬರ್ಕೊಂಡಿದ್ದೆ ತಾಯಿ. ಪೇಪರ್ಗೆ ಹಾಕ್ಲಿಲ್ಲ."

"ಓದಿದೋನು, ಎಣ್ಸಾಕಾದ್ರೂ ಬತ್ತದೆ ಅಂದ್ಕಂಡಿದ್ದೆ," ಎಂದಳು. ಆಮೇಲೆ, "ತಪ್ಪಾಗೈತೆ ಅಂತ ಈಗ್ಲಾದ್ರೂ ಬರ್ಕೊಡು."

ಬರೆದುಕೊಟ್ಟೆ. ಯಾವ ವರದಿ ತಪ್ಪು ಎಂದು ತೋರಿಸಲು ಆ ಹಳೆಯ ವರದಿಯ ನಕಲನ್ನೂ ಲಗತ್ತಿಸಬೇಕಾಯಿತು. ಕಚೇರಿಯ ಅಧಿಕಾರಿ ಎರಡನ್ನೂ ಓದಿ ಮರ್ಯಾದೆಯಿಂದಲೇ ಕೇಳಿದರು: "ಸಾರ್, ಘಟನೆ ನಡೆದ ದಿನ ನೀವು ಬರೆದದ್ದನ್ನು ನಂಬಲೋ, ಇಪ್ಪತ್ತೆರಡು ವರ್ಷದ ಮೇಲೆ ನೆನಪಿನಿಂದ ಬರೆದದ್ದನ್ನೋ?" ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ನನ್ನ ಹಳೆಯ ಟಿಪ್ಪಣಿ ಪುಸ್ತಕ ಎಲ್ಲಿ ಎಂದರು. ಮನೆ ಬದಲಿಸುವಾಗ ರದ್ದಿಗೆ ಹಾಕಿದ್ದೆ.

ಎರಡು ತಿಂಗಳ ಮೇಲೆ ಅರ್ಜಿ ತಿರಸ್ಕೃತವಾಗಿ ಬಂತು. ಅದನ್ನೂ ಓದಿಸಲು ನನ್ನ ಬಳಿಗೇ ತಂದಳು. ಕಾರಣಗಳಲ್ಲಿ ಮೊದಲನೆಯದು, ಅಂದಿನ ಪತ್ರಿಕಾ ವರದಿಯ ಪ್ರಕಾರ ಮೃತರು ಇಬ್ಬರು.

"ಇದೂ ನಿಂದೇನಾ ಪೇಪರಣ್ಣ?"

"ಈ ಸಾಲು ನಂದೇ."

ಅವಳು ಹಾಳೆ ಮಡಚಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. "ಶುಕ್ರವಾರ ಓರಗಿತ್ತಿ ಮೊಮ್ಮಗೀಗೆ ನಾಮ್ಕರಣ. ಅವ್ನು ಸತ್ತ ಕಾಗ್ದ ತಕಂಡೋಗಿ ತೋರ್ಸವಾ ಅಂತಿದ್ದೆ. ಬುಡು," ಎಂದು ಎದ್ದು, ಬಾಗಲೂರಿನ ಬಸ್ಸು ಬರುವ ಕಡೆಗೆ ನಡೆದಳು.