ಮಾವ ಮಲಗಿ ನೋಡಿದ ಸ್ಲೀಪಿಂಗ್ ಬ್ಯಾಗ್

ನನ್ನ ಸೋದರಮಾವ ಇಪ್ಪತ್ತಾರು ವರ್ಷಗಳಿಂದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದಾನೆ. ಬಿತ್ತನೆ ಆಲೂಗಡ್ಡೆಯ ಮೂಟೆಗಳನ್ನು ಜೋಡಿಸುವುದು, ಕೊಳೆತದ್ದನ್ನು ಬರಿಗೈಯಲ್ಲಿ ಆರಿಸಿ ತೆಗೆಯುವುದು, ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆದಿಡುವುದು ಅವನ ಕೆಲಸ. ಒಳಗೆ ವರ್ಷವಿಡೀ ಮೂರು ಡಿಗ್ರಿ. ಬೇರೆಯವರು ಎರಡೆರಡು ಸ್ವೆಟರ್ ಹಾಕಿಕೊಂಡರೆ ಇವನು ಅಂಗಿಯ ತೋಳು ಮಡಚಿಕೊಂಡು ಓಡಾಡುತ್ತಾನೆ. ಚಳಿಯೇ ಅವನಿಗೆ ಹೆದರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಹೆಮ್ಮೆ. ನನ್ನಮ್ಮ ಅವನ ಸ್ವಂತ ಅಕ್ಕ, ಆದರೆ ಫ್ಯಾನ್ ಎರಡರಲ್ಲಿಟ್ಟರೂ ಶಾಲು ಹುಡುಕುವವಳು.

ಚಳಿಗಾಲದಲ್ಲಿ ಗೆಳತಿಯರ ಜೊತೆ ಮೂರು ದಿನದ ಚಾರಣಕ್ಕೆ ಹೋಗುತ್ತೇನೆ ಎಂದಾಗ ಅಮ್ಮ ಅಡ್ಡ ನಿಂತಳು. ಹಿಂದಿನ ವರ್ಷ ನನಗೆ ನ್ಯುಮೋನಿಯಾ ಆಗಿತ್ತು, ಅವಳ ಹೆದರಿಕೆ ಸುಳ್ಳಲ್ಲ. ನಾಲ್ಕು ದಿನ ನಾನು ಮುಖ ಊದಿಸಿಕೊಂಡು ಕೂತ ಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದಳು. "ನಿಮ್ಮ ಮಾವ ಬೆಚ್ಚಗಿರುತ್ತೆ ಅಂತ ಹೇಳಿದ ಸ್ಲೀಪಿಂಗ್ ಬ್ಯಾಗು ತಗೊಂಡ್ರೆ ಹೋಗು. ಇಲ್ದಿದ್ರೆ ಮನೇಲೇ ಬಿದ್ದಿರು."

ಕೊಳೆ ಮಾಡದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆಂದು ಅಂಗಡಿಯವನು ಎರಡು ಬ್ಯಾಗ್ ಕೊಟ್ಟ. ಒಂದು ಅಗ್ಗದ್ದು, ಸುತ್ತಿ ಅದುಮಿದರೆ ಎರಡು ಮುಷ್ಟಿಯಷ್ಟಾಗುತ್ತದೆ. ಇನ್ನೊಂದು ಸ್ವಲ್ಪ ದುಬಾರಿ, ಸ್ವಲ್ಪ ದಪ್ಪ. ಆದರೂ ನನ್ನ ಬೆನ್ನುಚೀಲದ ತಳದಲ್ಲಿ ಹಿಡಿಸುತ್ತದೆ. ನನ್ನ ಕಣ್ಣು ಅಗ್ಗದ್ದರ ಮೇಲೆಯೇ.

ಭಾನುವಾರ ಮಾವ ಅಮ್ಮನನ್ನೂ ನನ್ನನ್ನೂ ತನ್ನ ಆಲೂಗಡ್ಡೆ ಕೋಣೆಗೆ ಕರೆದೊಯ್ದ. ಹಲಗೆಯ ಮೇಲೆ ಅಗ್ಗದ್ದನ್ನು ಹಾಸಿ, ಒಳಹೊಕ್ಕು, ಅರ್ಧ ಗಂಟೆ ಗೊರಕೆ ಹೊಡೆದ. ಎದ್ದವನು, "ಸೆಕೆ ಕಣಮ್ಮ. ಇದೇ ತಗೋ, ದುಡ್ಡೂ ಉಳಿಯುತ್ತೆ," ಎಂದ. ನಾನು ಆಗಲೇ ಮನಸ್ಸಿನಲ್ಲಿ ಬೆಟ್ಟ ಹತ್ತಿ ಇಳಿದಿದ್ದೆ.

"ತಡಿ, ನಾನೂ ನೋಡ್ತೀನಿ," ಎಂದಳು ಅಮ್ಮ. ಅದೇ ಬ್ಯಾಗಿನೊಳಗೆ ಹೋಗಿ ಜಿಪ್ ಎಳೆದುಕೊಂಡಳು. ಐದೇ ನಿಮಿಷಕ್ಕೆ ಹಲ್ಲು ಕಟಕಟ ಎನ್ನತೊಡಗಿತು. ಎದ್ದು ದಪ್ಪದ್ದಕ್ಕೆ ಹೋದಳು. ಅದರಲ್ಲಿ ಇಪ್ಪತ್ತು ನಿಮಿಷ ತುಟಿ ಬಿಚ್ಚದೆ ಮಲಗಿದಳು. ಅಮ್ಮ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

"ಇದು ಬೆಚ್ಚಗಿದೆ. ಇದನ್ನೇ ತಗೊಂಡು ಹೋಗ್ಬಾ," ಎಂದಳು. ನನಗೆ ಕುಣಿಯುವಷ್ಟು ಖುಷಿ. ಅಮ್ಮ ಮಾತ್ರ ತಮ್ಮನನ್ನೇ ನೋಡುತ್ತಿದ್ದಳು.

"ಆ ತೆಳ್ಳಗಿನದ್ರಲ್ಲಿ ನಿಂಗೆ ಹೆಂಗೋ ಸೆಕೆ ಆಯ್ತು?"

"ನಂಗೆ ಚಳಿ ಎಲ್ಲಿ ಗೊತ್ತಾಗುತ್ತಕ್ಕ," ಎಂದು ಮಾವ ನಕ್ಕ.

ಅಮ್ಮ ನಗಲಿಲ್ಲ. ಅವನ ಕೈ ಹಿಡಿದುಕೊಂಡು, "ಕಣ್ಮುಚ್ಚು, ಚಿವುಟ್ತೀನಿ," ಎಂದಳು. ಮಾವ ಚಿಕ್ಕ ಹುಡುಗನ ಹಾಗೆ ಕಣ್ಣು ಮುಚ್ಚಿದ. ಅಮ್ಮ ಅವನ ಕಿರುಬೆರಳನ್ನು ಉಗುರಿನ ಗುರುತು ಮೂಡುವವರೆಗೆ ಚಿವುಟಿದಳು. ಆಮೇಲೆ ಪಕ್ಕದ ಬೆರಳನ್ನು. ಇಷ್ಟು ವರ್ಷ ನಾವೆಲ್ಲ ಹೊಗಳಿಕೊಂಡು ಬಂದದ್ದು ಇದನ್ನೇ ಎಂದು ತಿಳಿದು ನನಗೆ ನಾಚಿಕೆಯಾಯಿತು.

ಮಾವ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದ. "ಬೇಗ ಚಿವುಟಕ್ಕ, ಬಾಗಿಲು ಹಾಕ್ಬೇಕು," ಎಂದ.