ಡ್ರೈವರ್ ಮಾಮ ಕಾಯ್ದ ಯಾಳಿ

ಬ್ರೇಕ್ ಲೈನರ್ ಸುಟ್ಟ ವಾಸನೆ ಗೊತ್ತಲ್ಲ? ಘಾಟಿ ಇಳಿಯುವ ಲಾರಿಗಳ ಹಿಂದೆ ಸಿಕ್ಕಿಬಿದ್ದವರಿಗೆ ಖಂಡಿತ ಗೊತ್ತಿರುತ್ತದೆ. ರಬ್ಬರು, ಕಬ್ಬಿಣ, ಸೀದ ಎಣ್ಣೆ ಎಲ್ಲ ಸೇರಿದಂಥ, ಗಂಟಲಿಗೆ ಹಿಡಿಯುವ ಕಮಟು. ಮೊನ್ನೆ ಹೊಸಪೇಟೆಯಲ್ಲಿ ಕಡ್ಡಿರಾಂಪುರದ ಕಡೆಯಿಂದ ಬಂದ ಬಸ್ಸೊಂದು ನನ್ನ ಸ್ಕೂಟಿಯ ಮುಂದೆ ಗಕ್ಕನೆ ನಿಂತಾಗ ಅದೇ ವಾಸನೆ ಬಂತು. ಪಕ್ಕದ ಆಟೋದವನು ಮೂಗು ಮುಚ್ಚಿಕೊಂಡು ಆ ಡ್ರೈವರನ ವಂಶವನ್ನೆಲ್ಲ ಸ್ಮರಿಸುತ್ತಿದ್ದ. ನಾನು ಹೆಲ್ಮೆಟ್ಟಿನೊಳಗೆ ಕಿಸಕ್ಕನೆ ನಕ್ಕುಬಿಟ್ಟೆ. "ಏನ್ ನಗ್ತೀರ್ರೀ ಮೇಡಂ, ಈಗ ಸಾಯ್ತಿದ್ರಿ!" ಎಂದ. ಹೌದು ಮಾರಾಯ, ಸಾಯುತ್ತಿದ್ದೆ. ಆದರೆ ನನಗೆ ನೆನಪಾಗಿದ್ದು ಒಂದು ಬಸ್ಸು, ಒಬ್ಬ ಡ್ರೈವರು, ಮತ್ತೆ ಎಷ್ಟು ಬಾಣ ಬಿಟ್ಟರೂ ಸಾಯದ ಒಂದು ಪ್ರಾಣಿ...

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಸಂಡೂರು ಗುಡ್ಡದ ಗಣಿಯೊಂದರ ಆಫೀಸಿನಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಹೊಸಪೇಟೆಯಲ್ಲಿ ಸ್ಟಾಫ್ ಬಸ್ಸು ಹತ್ತಿದರೆ, ಅದಿರಿನ ಲಾರಿಗಳ ಹಿಂದೆ ತೆವಳುತ್ತಾ, ಕೆಂಪು ಧೂಳು ಕುಡಿಯುತ್ತಾ ಹೋಗಬೇಕು. ಇಳಿಯುವ ಹೊತ್ತಿಗೆ ಬಿಳಿ ಚೂಡಿದಾರ ಕಾವಿಯಾಗಿ, ನಾವೆಲ್ಲ ಸನ್ಯಾಸ ತಗೊಂಡವರ ಹಾಗೆ ಕಾಣುತ್ತಿದ್ದೆವು. ಆ ಬಸ್ಸು ಓಡಿಸುತ್ತಿದ್ದವರೇ ಡ್ರೈವರ್ ಮಾಮ. ಐವತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ಕೊರಳಲ್ಲೊಂದು ಟವೆಲ್ಲು. "ಹತ್ರಿ", "ಇಳೀರಿ" ಬಿಟ್ಟರೆ ಅವರ ಬಾಯಿಂದ ಮೂರನೆಯ ಮಾತು ಕೇಳಿದವರಿರಲಿಲ್ಲ. ಇವರಿಗೆ ಮಾತು ಬರುತ್ತದೋ ಇಲ್ಲವೋ ಎಂದು ನಮಗೇ ಅನುಮಾನವಿತ್ತು.

ಅವರ ಸೀಟಿನ ಹಿಂದೆ ಎದುರುಬದುರಾಗಿದ್ದ ಎರಡು ಸೀಟುಗಳಲ್ಲಿ ನಾವು ನಾಲ್ವರು ಕೂರುತ್ತಿದ್ದೆವು. ನಾನು, ಗಣಿ ಆಸ್ಪತ್ರೆಯ ನರ್ಸಮ್ಮ, ಸ್ಟೋರ್ ಕೀಪರ್, ಮತ್ತೆ ಸರ್ವೇಯರ್. ಆ ಹುಚ್ಚು ಆಟ ಹಚ್ಚಿದವನು ಸರ್ವೇಯರ್. ಎಲ್ಲಿ ಕಲಿತು ಬಂದಿದ್ದನೋ ಪುಣ್ಯಾತ್ಮ! ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರ. ಮುಂದೇನು ಮಾಡಬೇಕೆಂದು ಪಾತ್ರದವರೇ ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನರ್ಸಮ್ಮನ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ದಾಳ ಉರುಳಿಸುತ್ತಿದ್ದೆವು.

ಸರ್ವೇಯರ್ ಕಟ್ಟಿದ ಕಥೆ ಹೀಗಿತ್ತು. ಒಬ್ಬ ರಾಜ, ಅವನಿಗೊಬ್ಬಳು ಮಗಳು. ಮಗಳಿಗೆ ಇದ್ದಕ್ಕಿದ್ದಂತೆ ಮಾತು ನಿಂತುಹೋಗಿದೆ. ಗುಡ್ಡದ ತುದಿಯಲ್ಲೊಂದು ಗುಡಿ. ಅದನ್ನು ಕಾಯುವ ದೇವರ ಯಾಳಿಯ ಕೋರೆ ತೇಯ್ದು ಕುಡಿಸಿದರೆ ಮಾತ್ರ ಅವಳಿಗೆ ಮಾತು ಬರುತ್ತದೆ. ಹಂಪಿಯ ಕಂಬಗಳಲ್ಲಿ ಇದೆಯಲ್ಲ, ಸಿಂಹದ ಮೈ, ಆನೆಯ ಸೊಂಡಿಲು, ಅದೇ ಯಾಳಿ. ಆದರೆ ಇದು ಜೀವಂತ. ಅದನ್ನು ಬೇಟೆಯಾಡಿ ಕೋರೆ ತರುವುದು ನಮ್ಮ ಕೆಲಸ. ನಾನು ಬಿಲ್ಲುಗಾರ್ತಿ. ನರ್ಸಮ್ಮ ವೈದ್ಯೆ, ನಾವು ಕೆಡವಿದ ರಾಕ್ಷಸರಿಗೂ ಹೋಗಿ ಪಟ್ಟಿ ಕಟ್ಟಿ ಬರುತ್ತಿದ್ದಳು. ಸ್ಟೋರ್ ಕೀಪರ್ ಮಂತ್ರವಾದಿ. ಅವನೋ, ಬೆಂಕಿಯ ಮಂತ್ರ ಹಾಕಪ್ಪಾ ಎಂದರೆ "ಸಾಮಾನು ಬೇಕಂತ ಬರೆದ ಇಂಡೆಂಟ್ ಚೀಟಿ ಎಲ್ಲಿ?" ಎಂದು ಕೇಳುವ ಆಸಾಮಿ. ಸರ್ವೇಯರ್ ಮಾತ್ರ ಯಾವುದಕ್ಕೂ ನಗುತ್ತಿರಲಿಲ್ಲ. ಇಲ್ಲದ ಗುಡ್ಡಕ್ಕೆ ಇಂಚಿಂಚೂ ನಕ್ಷೆ ಬರೆದುಕೊಂಡು ಬಂದು, "ಯಾಳಿ ಗುಹೆ ಇಲ್ಲಿಲ್ಲ, ನೀವು ಉತ್ತರಕ್ಕೆ ಸರಿದಿದ್ದೀರಿ" ಎಂದು ಗದರುತ್ತಿದ್ದ.

ಶುರುವಿನಲ್ಲೇ ಒಂದು ದಿನ "ಕತ್ತಲಾದ ಮೇಲೆ ಹೊಂಚು ಹಾಕಿ ಹೊಡೆದುಬಿಡೋಣ" ಎಂದು ನಾನು ಸ್ವಲ್ಪ ಜೋರಾಗಿ ಹೇಳಿದೆ. ಬಸ್ಸು ರಸ್ತೆ ಪಕ್ಕಕ್ಕೆ ಹೋಗಿ ನಿಂತಿತು. ಡ್ರೈವರ್ ಮಾಮ ಎದ್ದು ಬಂದರು. ಕೈಯಲ್ಲಿ ಸ್ಪ್ಯಾನರ್.

"ಯಾವ ಪ್ರಾಣಿ ಹೊಡ್ಯಾಕ ಹೊಂಟೀರಿ?"

"ಯಾಳಿ, ಮಾಮಾ" ಎಂದ ಸ್ಟೋರ್ ಕೀಪರ್, ಸ್ಪ್ಯಾನರ್ ಮೇಲೆ ಕಣ್ಣಿಟ್ಟು.

"ಹಂಪ್ಯಾಗ ಕಂಬದ ಮ್ಯಾಲೆ ಐತಲ್ಲ, ಅದಾ? ಅದು ಕಲ್ಲಲ್ಲೇನ್ರೀ?"

ನಾವು ಆಟದ ವಿಷಯವೆಲ್ಲ ವಿವರಿಸಿದೆವು. ಅವರು ತಲೆ ಕೆರೆದುಕೊಂಡು, ಓದಿದ ಮಕ್ಕಳೆಲ್ಲ ಹೀಗೇಕಾದರು ಎಂಬಂತೆ ನಮ್ಮನ್ನು ನೋಡಿ, ಹೋಗಿ ಗೇರ್ ಹಾಕಿದರು. ಮಾರನೆಯ ದಿನ ನಾನು ಬಸ್ಸು ಹತ್ತುವಾಗ ಕಿಟಕಿಯ ಆಚೆ ನೋಡುತ್ತಾ, ಯಾರನ್ನೋ ಕೇಳುವವರ ಹಾಗೆ ಕೇಳಿದರು: "ಅಲ್ಲವ್ವಾ, ನಿನ್ನೆಯಿಂದ ಅದು ಏನರ ತಿಂತೋ ಇಲ್ಲೋ? ಬೆನ್ನು ಹತ್ತಿ ಓಡಿಸಾಕ ಹತ್ತೀರಲ್ಲ."

ಸರ್ವೇಯರ್‌ಗೆ ಇದನ್ನು ಮುಟ್ಟಿಸಿದೆ. ಅವನು ಅದನ್ನು ಯೋಚಿಸಿರಲೇ ಇಲ್ಲ. ಹುಲ್ಲು ತಿನ್ನುತ್ತದೆ ಎಂದ. ಮಾಮ ಮರುದಿನ ಮತ್ತೊಂದು ಪ್ರಶ್ನೆ ತಗೊಂಡು ಬಂದರು: "ಬರೀ ಹುಲ್ಲೇನು? ಹಿಂಡಿ ಹಾಕಾಂಗಿಲ್ಲಾ?" ಅದರ ಮರುದಿನ, ನೀರಿಗೆ ಎಲ್ಲಿಗೆ ಹೋಗುತ್ತದೆ? ಮೈ ತೊಳೆಯುವವರು ಯಾರು? ಸೊಳ್ಳೆ ಕಡಿದರೆ ಹೊಗೆ ಹಾಕುವವರಿದ್ದಾರೋ ಇಲ್ಲವೋ? ದಿನಾ ಬೆಳಿಗ್ಗೆ ಒಂದು ಪ್ರಶ್ನೆ ತಯಾರು! ಸರ್ವೇಯರ್ ಹಲ್ಲು ಕಚ್ಚಿಕೊಂಡು ಒಂದೊಂದಕ್ಕೂ ಉತ್ತರ ಹೊಂದಿಸಿದ. ಹೀಗಾಗಿ ಸಿಂಹದ ಮೈ, ಆನೆಯ ಸೊಂಡಿಲಿನ ಆ ಪವಿತ್ರ ಪ್ರಾಣಿ, ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತಿಕಾಳಿನ ಹಿಂಡಿ ತಿಂದು, ಕೆರೆಯಲ್ಲಿ ಬಿದ್ದುಕೊಂಡು, ಸಂಜೆ ತಾನಾಗಿಯೇ ಗುಡಿಗೆ ಬರತೊಡಗಿತ್ತು. ಇದು ಯಾಳಿಯಾಗಿ ಉಳಿದಿಲ್ಲ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ ನೋಡಿ.

ಆಮೇಲೆ ಶುರುವಾಯಿತು ಬ್ರೇಕಿನ ಕಾಟ. ನಾನು ಬಾಣ ಹೂಡಬೇಕು, ದಾಳ ಮುಚ್ಚಳದಲ್ಲಿ ಉರುಳಬೇಕು, ಆಗಲೇ ಬಸ್ಸು ಕಿರ್‍ರ್ ಎಂದು ನಿಲ್ಲಬೇಕು. ದಾಳ ಹಾರಿ ಸೀಟಿನ ಕೆಳಗೆ. ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ, ಗುರಿ ತಪ್ಪಿದಂತೆ ಎನ್ನುವುದು ಸರ್ವೇಯರನ ಕಾನೂನು. ನರ್ಸಮ್ಮನ ಶೇಂಗಾ ಚಟ್ನಿ ಪುಡಿ ಸ್ಟೋರ್ ಕೀಪರನ ತಲೆಯ ಮೇಲೆ. ಹಿಂದೆ ನಿದ್ದೆ ಹೋಗಿದ್ದವರೆಲ್ಲ ಎದುರಿನ ಸೀಟಿಗೆ ಹಣೆ ಬಡಿಸಿಕೊಂಡು ಎದ್ದು ಕೂತು ನಮಗೇ ಬೈಯುತ್ತಿದ್ದರು. ಇಡೀ ಬಸ್ಸಿನಲ್ಲಿ ಆ ವಾಸನೆ...

"ಯಾಕ್ ಮಾಮಾ?" ಎಂದರೆ, "ನಾಯಿ ಬಂತವ್ವಾ."

ದಿನಾ ನಾಯಿ. ಅಷ್ಟು ನಾಯಿಗಳು ನಿಜವಾಗಿ ಇದ್ದಿದ್ದರೆ ಸಂಡೂರಿನಲ್ಲಿ ಮನುಷ್ಯರಿಗೆ ಜಾಗ ಇರುತ್ತಿರಲಿಲ್ಲ. ಒಂದು ದಿನ ನಾನು ದಾಳ ಬಿಟ್ಟು ಕನ್ನಡಿ ನೋಡಿದೆ. ಮಾಮನ ಕಣ್ಣು ರಸ್ತೆಯ ಮೇಲಿರಲಿಲ್ಲ, ನಮ್ಮ ಮುಚ್ಚಳದ ಮೇಲಿತ್ತು. ಎಲಾ ಇವನಾ, ಅಂದುಕೊಂಡೆ.

ಕೇಳಬೇಕು ಕೇಳಬೇಕು ಎನ್ನುವಷ್ಟರಲ್ಲಿ ಸರ್ವೇಯರನಿಗೆ ಬೇರೆ ಊರಿಗೆ ವರ್ಗವಾಯಿತು. "ಶನಿವಾರ ಕಡೇ ದಿನ, ಅಷ್ಟರೊಳಗೆ ಯಾಳಿ ಬೀಳಲೇಬೇಕು" ಎಂದು ಅವನು ಘೋಷಿಸಿದ. ಹಾಗೆ ಘೋಷಿಸಿದ ದಿನವೇ ಘಾಟಿಯಲ್ಲಿ ಲಾರಿಗಳು ಸಿಕ್ಕಿಹಾಕಿಕೊಂಡು ಬಸ್ಸು ನಿಂತಿತ್ತು. ಗಾಳಿಗೆಂದು ಕೆಳಗಿಳಿದೆ. ಮಾಮ ನನ್ನ ಹಿಂದೆಯೇ ಇಳಿದು ಬಂದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ಯವ್ವಾ, ಯಾಳಿ ಕೊಲ್ಲಬ್ಯಾಡ್ರಿ. ನಮ್ಮ ಮನ್ಯಾಗ ಮಾತು ನಿಂದರ್ತೈತಿ."

ನನಗೆ ತಲೆಬುಡ ತಿಳಿಯಲಿಲ್ಲ. ಆಗ ಹೇಳಿದರು. ಅವರ ಹೆಂಡತಿಗೊಂದು ಎಮ್ಮೆ ಇತ್ತಂತೆ, ತವರಿನವರು ಕೊಟ್ಟಿದ್ದು. ಹಾಲು ಹಿಂಡಿ ಹಿಂಡಿ ಕೈ ನೋಯುತ್ತದೆ ಎಂದು ಆಕೆ ಒಂದು ದಿನ ಗೊಣಗಿದ್ದನ್ನು ಕೇಳಿ, ಇವರು ಉಪಕಾರ ಮಾಡುತ್ತೇನೆಂದು ಹೋಗಿ, ಆಕೆಯನ್ನು ಒಂದು ಮಾತು ಕೇಳದೆ ಎಮ್ಮೆ ಮಾರಿಬಿಟ್ಟಿದ್ದರು. ಅವತ್ತು ಮಾತು ಬಿಟ್ಟವಳು ವರ್ಷಗಟ್ಟಲೆ ಬಿಟ್ಟೇ ಇದ್ದಳು. ತಟ್ಟೆ ಇಡುವ ಸಪ್ಪಳ, ಚೊಂಬು ಇಡುವ ಸಪ್ಪಳ, ಅಷ್ಟೇ ಸಂಸಾರ.

"ಒಂದಿನ ಊಟಕ್ಕ ಕುಂತಾಗ ನಿಮ್ಮ ಮಂತ್ರವಾದಿದು ನೆನಪಾಗಿ ನಗಿ ಬಂತು. ಯಾಕ ನಗ್ತೀನಿ ಅಂತ ನಾನೇ ಗ್ವಾಡಿಗೆ ಹೇಳಿದಂಗ ಹೇಳಿದೆ. ಕೇಳಿಸ್ಕೊಂಡಳು. ಕೇಳಿಸ್ಕೊಂಡು, 'ಅದು ಏನರ ತಿಂತೋ ಇಲ್ಲೋ' ಅಂದ್ಳು ನೋಡವ್ವಾ! ನನಗ ಕೈಯಾಗಿನ ತುತ್ತು ಬಾಯಿಗೆ ಹೋಗಲಿಲ್ಲ. ಈಗ ದಿನಾ ಕೇಳ್ತಾಳ. ಯಾಳಿದಷ್ಟೇ ಕೇಳ್ತಾಳ, ಬ್ಯಾರೆ ಒಂದು ಮಾತಿಲ್ಲ. ಅದು ಸತ್ತರ ನಾ ಏನ್ ಹೇಳ್ಲಿ?"

ಇಷ್ಟು ದೊಡ್ಡ ಬಸ್ಸು ಘಾಟಿಯಲ್ಲಿ ಓಡಿಸುವ ಗಂಡಸು, ಕಣ್ಣು ತುಂಬಿಕೊಂಡು ನಿಂತಿದ್ದ. ನನಗೆ ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮು ಬಂತು. "ಶನಿವಾರ ಅವರನ್ನೇ ಕರಕೊಂಡು ಬನ್ನಿ ಮಾಮಾ" ಎಂದುಬಿಟ್ಟೆ. ಮುಂದೇನು ಎಂದು ನನಗೇ ಗೊತ್ತಿರಲಿಲ್ಲ.

ಹೊರಗಿನವರನ್ನು ಸ್ಟಾಫ್ ಬಸ್ಸಿಗೆ ಹತ್ತಿಸುವ ಹಾಗಿರಲಿಲ್ಲ. ಯಾರಾದರೂ ಕೇಳಿದರೆ ಆಸ್ಪತ್ರೆಗೆ ಹೊರಟ ಪೇಶಂಟ್ ಎಂದು ಹೇಳೋಣ ಅಂದಳು ನರ್ಸಮ್ಮ. ಶನಿವಾರ ಬಂದ ಆ ಹೆಂಗಸು ಪೇಶಂಟಿನ ಹಾಗೆ ಎಲ್ಲೂ ಕಾಣುತ್ತಿರಲಿಲ್ಲ. ಇಳಕಲ್ ಸೀರೆ, ಕಂಕುಳಲ್ಲಿ ರೊಟ್ಟಿ ಗಂಟು. ಗಂಡನ ಕಡೆ ತಿರುಗಿಯೂ ನೋಡದೆ ನಮ್ಮ ನಡುವೆ ಬಂದು ಕೂತು, ಒಬ್ಬೊಬ್ಬರ ಕೈಗೂ ರೊಟ್ಟಿ ಪಲ್ಯ ಇಟ್ಟಳು. "ಬಾಣ ಬಿಡಾಕಿ ಯಾರವ್ವ?" ಎಂದಳು. ನಾನು ರೊಟ್ಟಿ ಹಿಡಿದ ಕೈ ಎತ್ತಿದೆ. ಮೇಲಿಂದ ಕೆಳಗೆ ನೋಡಿ "ಉಣ್ಣು" ಎಂದಳು.

ಸರ್ವೇಯರ್ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಯಾಳಿ ಗುಡಿಯ ಬಾಗಿಲಲ್ಲಿ ನಿಂತಿದೆ, ಬೆಳ್ಳಗೆ, ಬೆಳದಿಂಗಳ ಹಾಗೆ... ಬಿಲ್ಲುಗಾರ್ತಿ ಬಾಣ ಹೂಡಿದ್ದಾಳೆ. ನಾನು ದಾಳ ತಗೊಂಡೆ. ಆಕೆ ನನ್ನ ಮುಂಗೈ ಹಿಡಿದುಕೊಂಡಳು.

"ಆ ರಾಜನ ಹುಡುಗಿಗೆ ಏನಾಗೈತಿ ಅಂದ್ರಿ?"

"ಮಾತು ನಿಂತಿದೆ, ಅಮ್ಮ" ಎಂದ ಸರ್ವೇಯರ್.

"ಅದಕ್ಕ ಈ ಪ್ರಾಣಿ ಏನ್ ಮಾಡೀತು? ಹೋಗಿ ಆಕಿ ಅಪ್ಪನ್ನ ಕೇಳ್ರಿ, ಏನ್ ಮಾಡಿದ್ಯಪಾ ಅಂತ. ಸುಮ್ಮಸುಮ್ಮನ ಯಾರೂ ಮಾತು ಬಿಡಂಗಿಲ್ಲ."

ಬಸ್ಸು ಕಿರ್‍ರ್ ಎಂದು ನಿಂತಿತು. ರಸ್ತೆಯಲ್ಲಿ ನಾಯಿಯಿರಲಿ, ಇರುವೆಯೂ ಇರಲಿಲ್ಲ. ಆಕೆಯ ಹಣೆ ಮುಂದಿನ ಸರಳಿಗೆ ಠಣ್ಣೆಂದು ಬಡಿಯಿತು. ಆಗ ಸಿಡಿಯಿತು ನೋಡಿ!

"ಏನ್ರೀ! ಕಣ್ಣು ಅದಾವೋ, ಇಲ್ಲಾ ಅವನ್ನೂ ನನ್ನ ಕೇಳದ ಮಾರಿ ಬಂದೀರೋ?"

ಸರ್ವೇಯರ್, ಯಾವತ್ತೂ ನಗದ ನಮ್ಮ ಸರ್ವೇಯರ್, ನಕ್ಷೆ ಮಡಚಿಟ್ಟು ಮೆಲ್ಲಗೆ ಕೇಳಿದ: "ರಾಜ ಏನಂತಾನೆ?"

ಡ್ರೈವರ್ ಸೀಟಿನಿಂದ, ತಿರುಗದೆಯೇ, ಉತ್ತರ ಬಂತು. "ರಾಜ ತಪ್ಪಾತು ಅಂತಾನ್ರೀ."

"ಅಷ್ಟು ಅನ್ನಾಕ ಇಷ್ಟು ವರ್ಷ ಬೇಕಾತೇನು ರಾಜಗ?" ಎಂದವಳು ಮತ್ತೆ ನಿಲ್ಲಿಸಲಿಲ್ಲ. "ಆ ಎಮ್ಮಿ ಕರದ್ರ ಹಿತ್ತಲದಾಗಿಂದ ಓ ಅಂತಿತ್ತು. ನಿಮ್ಮನ್ನ ಕರದ್ರ ಎಂದರ ಓ ಅಂದೀರೇನು?" ಅಲ್ಲಿಂದ ಹಿಡಿದು, ಮದುವೆಯಲ್ಲಿ ಇವರ ಕಡೆಯವರು ಊಟಕ್ಕೆ ತಡವಾಗಿ ಬಂದದ್ದು, ಅತ್ತೆ ಅಂದದ್ದು, ನಾದಿನಿ ಆಡಿದ್ದು, ಎಲ್ಲ ಬಂತು. ಬಸ್ಸು ಸಂಡೂರು ದಾಟಿತು, ದೋಣಿಮಲೈ ದಾರಿಗೆ ಹೊರಳಿತು, ಬೈಗುಳ ಮಾತ್ರ ಒಂದೇ ಸಮ. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಗಂಡಸನ್ನು ಜೀವಮಾನದಲ್ಲಿ ನಾನು ನೋಡಿಲ್ಲ. ಕನ್ನಡಿಯಲ್ಲಿ ಅವರ ಮುಖ ಹಬ್ಬದ ಮನೆಯ ಹಾಗಿತ್ತು. ನಡುನಡುವೆ "ಹೌದು", "ಹಂಗಾತು", "ಖರೇನ" ಎನ್ನುತ್ತಿದ್ದರು. ಯಾಳಿಯನ್ನು ಎಲ್ಲರೂ ಮರೆತೇಬಿಟ್ಟೆವು. ಅದು ಬಚಾವಾಯಿತು.

ಆಮೇಲೆ ನಾನೂ ಆ ಕೆಲಸ ಬಿಟ್ಟೆ, ಮದುವೆ, ಮನೆ, ಮಕ್ಕಳು... ಯಾರೆಲ್ಲಿ ಹೋದರೋ. ಮೊನ್ನೆ ಆ ವಾಸನೆ ಮೂಗಿಗೆ ಬಡಿದ ಮೇಲೆ ತಡೆಯಲಾಗದೆ ನರ್ಸಮ್ಮನಿಗೆ ಫೋನ್ ಮಾಡಿ, ಡ್ರೈವರ್ ಮಾಮ ಹೇಗಿದ್ದಾರೆ ಎಂದು ಕೇಳಿದೆ. "ಅಯ್ಯ, ನಿನಗ ಗೊತ್ತಿಲ್ಲೇನು? ಹೋಗಿ ವರ್ಷದ ಮ್ಯಾಲಾತು" ಎಂದಳು. ನಗುತ್ತಾ ಫೋನ್ ಮಾಡಿದ್ದೆ ನಾನು. ಹಾಗೇ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಬಿಟ್ಟೆ.

ಆಕೆ ಈಗ ತವರೂರು ಕಂಪ್ಲಿಯಲ್ಲಿದ್ದಾಳೆ ಎಂದು ತಿಳಿದು, ಮಾತಾಡಿಸಿಕೊಂಡು ಬರಲು ಹೋದೆ. ತಮ್ಮನ ಮನೆ, ಹತ್ತಿರದ ರೈಸ್ ಮಿಲ್ಲಿನ ತೌಡಿನ ಘಮ, ಮಕ್ಕಳ ಗದ್ದಲ. ಗುರುತು ಹಿಡಿದಳು. "ಬಾಣದಾಕಿ ಅಲ್ಲೇನು?" ಎಂದು ಚಾಪೆ ಹಾಸಿ ಚಹಾ ಕೊಟ್ಟಳು. ಏನು ಮಾತಾಡಬೇಕೋ ತೋಚದೆ, ಮಾಮ ಆಮೇಲೆ ನಿಮಗೊಂದು ಎಮ್ಮೆ ಕೊಡಿಸಿದರಾ ಎಂದು ಕೇಳಿದೆ.

"ಕೊಡಸ್ತೀನಿ, ಕೊಡಸ್ತೀನಿ ಅಂತ ಭಾಳ ಬೆನ್ನು ಹತ್ತಿದ್ರು. ನಾನೇ ಬ್ಯಾಡ ಅಂದೆ. ಎಮ್ಮಿ ಬಂದಿದ್ರ ಅವರಿಗೆ ಬೈಯಾಕ ನನ್ನ ಹತ್ರ ಏನವ್ವ ಉಳೀತಿತ್ತು?"

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಾ ಕೂತಳು. ಒಮ್ಮೆ ಬಂದು ನೋಡಬೇಕಿತ್ತು ಅವರನ್ನು, ನೋಡಲಿಲ್ಲ. ಹೊತ್ತು ನೋಡಿ, ಕಡೇ ಬಸ್ಸಿಗೆ ಹೋಗಬೇಕು ಎಂದು ಎದ್ದೆ.

"ಕುಂದ್ರವ್ವ" ಎಂದಳು. "ಈ ಮನ್ಯಾಗ ಎಲ್ಲಾರೂ ಇದ್ದಾರ, ಎಲ್ಲಾರೂ ಚಲೋ ಅದಾರ. ನನಗ ಯಾರಿಗೂ ಬೈಯಾಕ ಬರಂಗಿಲ್ಲ. ಇನ್ನೊಂದೀಟು ಅವರ ಸುದ್ದಿ ಮಾತಾಡು."

ಬಸ್ಸು ಹೋದರೆ ಹೋಗಲಿ ಎಂದುಕೊಂಡು ಕೂತೆ.