ಬಿಚ್ಚದ ಗಂಟು

ಕಳೆದ ತಿಂಗಳು ಎರಡು ಮನೆ ಆಚೆಯವರ ಸೊಸೆ, ಬೇಸ್‌ಮೆಂಟ್ ಖಾಲಿ ಮಾಡುತ್ತಿದ್ದವಳು ಒಂದು ಹಳೆಯ ಸೂಟ್‌ಕೇಸನ್ನು ಎಳೆದುಕೊಂಡು ನಮ್ಮ ಗರಾಜಿಗೆ ಬಂದಳು. "ಆಂಟಿ, ಇದು ನಮ್ಮ ಮಾವಂದು. ಎಸೆಯೋಕೆ ಮನಸ್ಸಿಲ್ಲ, ಬಿಚ್ಚೋಕೆ ಧೈರ್ಯ ಇಲ್ಲ. ನಿಮ್ಮ ಹತ್ರಾನೇ ಇರಲಿ" ಎಂದಳು. ಅದಕ್ಕೆ ಬಿಗಿದಿದ್ದ ಸೆಣಬಿನ ಹಗ್ಗದಿಂದ ನಮ್ಮೂರಿನ ಮಂಡಿಯ ಗೋಣಿಚೀಲಗಳ ವಾಸನೆ ಬಂತು. ಇಷ್ಟು ವರ್ಷ ಆದಮೇಲೂ... ಹಿಡಿಯ ಹತ್ತಿರ ಆ ಗಂಟು ಹಾಗೇ ಇತ್ತು.

ಅವಳ ಮಾವನನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ತೊಂಬತ್ತರ ದಶಕದ ಕೊನೆಗೆ, ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಮಗನ ಜೊತೆ ಇರಲು ಡೆಟ್ರಾಯಿಟ್ ಪಕ್ಕದ ನಮ್ಮ ಕ್ಯಾಂಟನ್ನಿಗೆ ಬಂದವರು. ಅವರ ಊರು ನನ್ನ ತವರಾದ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಬಂದ ಮೊದಲ ಬೇಸಿಗೆಯಲ್ಲೇ ಅವರಿಗೊಂದು ಕೆಲಸ ಸಿಕ್ಕಿತು. ಸಬ್‌ಡಿವಿಷನ್ನಿನಲ್ಲಿ, ಅಂದರೆ ನಮ್ಮ ಬಡಾವಣೆಯಲ್ಲಿ, ಯಾರು ಇಂಡಿಯಾಕ್ಕೆ ಹೊರಟರೂ ಸೂಟ್‌ಕೇಸ್ ಕಟ್ಟಲು ಅವರೇ ಬೇಕು. ಆಗ ವಿಮಾನದಲ್ಲಿ ಒಂದೊಂದಕ್ಕೆ ಎಪ್ಪತ್ತು ಪೌಂಡ್ ತೂಕ ಬಿಡುತ್ತಿದ್ದರು. ನಾವೋ, ಊರಿನಲ್ಲಿ ಶಾಂಪೂ, ಬಾದಾಮಿ ಸಿಗುವುದೇ ಇಲ್ಲವೇನೋ ಎಂಬಂತೆ ತುರುಕುತ್ತಿದ್ದ ಜನ. ಸೂಟ್‌ಕೇಸಿನ ಮೇಲೆ ನಾನು ಕೂತು, ನನ್ನ ಮೇಲೆ ಮಗಳು ಕೂತರೂ ಮುಚ್ಚದ ಮುಚ್ಚಳ ಚಾಚಾನ ಹಗ್ಗಕ್ಕೆ ತೆಪ್ಪಗೆ ಮುಚ್ಚಿಕೊಳ್ಳುತ್ತಿತ್ತು.

ಕಟ್ಟಿದ ಮೇಲೆ ಒಂದು ಬಟ್ಟೆ ಚೂರು ಕೇಳುತ್ತಿದ್ದರು. ಎಂಥದೋ ಬಟ್ಟೆ ಆಗುವುದಿಲ್ಲ, ಮನೆಯಲ್ಲಿ ಉಳಿಯುವವರು ಉಟ್ಟ ಬಟ್ಟೆಯ ಚೂರೇ ಆಗಬೇಕು. ಅದನ್ನು ಗಂಟಿನೊಳಗೆ ಸೇರಿಸಿ ಬಿಗಿಯುತ್ತಿದ್ದರು. ಒಮ್ಮೆ ಬಿಚ್ಚಿದರೆ ಮತ್ತೆ ಹಾಗೆ ಕಟ್ಟಲು ಬೇರೆ ಯಾರಿಗೂ ಬಾರದ ಗಂಟು ಅದು. ನನ್ನ ಗಂಡ ಬನಿಯನ್ ಹರಿದುಕೊಡಲಾ ಎಂದು ತಮಾಷೆ ಮಾಡುತ್ತಿದ್ದರು. ಚಾಚಾ ಮಾತ್ರ ನಗುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಇತ್ತು. ಸೆಪ್ಟೆಂಬರ್ ಬಂತೆಂದರೆ ನಾವೆಲ್ಲ ಮಕ್ಕಳನ್ನು ಕಟ್ಟಿಕೊಂಡು ಸೇಬು ಕೀಳಲು ತೋಟಕ್ಕೆ ಹೋಗುತ್ತೇವಲ್ಲ, ಒಂದು ವರ್ಷ ಚಾಚಾನೂ ಬಂದರು, ಆದರೆ ಕಾರಿನಿಂದ ಇಳಿಯಲಿಲ್ಲ. ಕಾಲುನೋವು ಇರಬೇಕು ಎಂದುಕೊಂಡೆ.

ಒಂದು ಡಿಸೆಂಬರ್‌ನಲ್ಲಿ ಅಮ್ಮನಿಗೆ ಹುಷಾರಿಲ್ಲವೆಂದು ನಾನೊಬ್ಬಳೇ ಊರಿಗೆ ಹೊರಟೆ. ಗರಾಜಿನಲ್ಲಿ ಹಗ್ಗ ಬಿಗಿಯುತ್ತಿದ್ದ ಚಾಚಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. "ಬೇಟಿ, ನಮ್ಮೂರಿಗೊಂದು ಸಲ ಹೋಗಿ ಬರ್ತೀಯಾ? ಒಬ್ಬರಿಗೆ ಒಂದು ಮಾತು ಹೇಳಬೇಕು" ಎಂದರು. ಚಳಿಯಲ್ಲಿ, ಜಾಕೆಟ್ ಕೂಡ ಹಾಕಿಕೊಳ್ಳದೆ ಅಲ್ಲೇ ನಿಂತು ಹೇಳಿದರು.

ಪ್ರಾಯದಲ್ಲಿ ಅವರು ಗಲ್ಫಿನ ಒಂದು ದೊಡ್ಡ ಖರ್ಜೂರದ ತೋಟಕ್ಕೆ ಆಳು ಕಳಿಸುವ ಏಜೆಂಟರಾಗಿದ್ದರು. ಹಳ್ಳಿ ಹಳ್ಳಿ ತಿರುಗಿ ಜನ ಕೂಡಿಸುವುದು, ಪಾಸ್‌ಪೋರ್ಟ್ ಮಾಡಿಸುವುದು, ರೈಲಿನಲ್ಲಿ ಬೊಂಬಾಯಿಗೆ ಕರೆದೊಯ್ದು ವಿಮಾನ ಹತ್ತಿಸುವುದು. ಹೋಗುವವರಿಗೆ ಓದು ಬಾರದು, ಟ್ರಂಕುಗಳೆಲ್ಲ ಒಂದೇ ಥರ. ಅದಕ್ಕೇ ಗುರುತಿಗೆ ಹೆಂಡತಿಯ ಸೀರೆ ಚೂರು, ಅಮ್ಮನ ಸೆರಗಿನ ಚೂರು. ತನ್ನ ಮನೆಯ ಬಟ್ಟೆಯನ್ನು ಯಾರು ತಾನೇ ಮರೆಯುತ್ತಾರೆ? ವಿಮಾನ ಹತ್ತುವ ಮುಂಚೆ ಪ್ರತಿ ಟ್ರಂಕಿಗೂ ಚಾಚಾ ತಾವೇ ಗಂಟು ಹಾಕುತ್ತಿದ್ದರಂತೆ.

"ತೋಟ ಅಂತ ಹೇಳ್ತಿದ್ದೆ ಬೇಟಿ. ತೋಟ ಅಂದ್ರೆ ನಮ್ಮ ಜನಕ್ಕೆ ನೆರಳು, ಬಾವಿ, ತಂಪು. ನಾನೇ ಆ ಜಾಗ ನೋಡಿರಲಿಲ್ಲ."

ಅವರು ಕಳಿಸಿದವರಲ್ಲಿ ಒಬ್ಬ ಹೊಸದಾಗಿ ಮದುವೆಯಾದವನು. ಕೆಲವು ತಿಂಗಳ ಮೇಲೆ, ವಾಪಸ್ಸಾದ ಯಾರದೋ ಜೊತೆ ಅವನ ಟ್ರಂಕು ಬಂತು. ಕೆಲಸಕ್ಕೆ ಹೆದರಿ ಓಡಿಹೋದ, ಎಲ್ಲಿದ್ದಾನೋ ಗೊತ್ತಿಲ್ಲ ಎಂದು ತೋಟದವರು ಹೇಳಿ ಕಳಿಸಿದ್ದರು. ಚಾಚಾ ಟ್ರಂಕು ನೋಡಿದರು. ಬೊಂಬಾಯಿಯಲ್ಲಿ ತಾವೇ ಹಾಕಿದ್ದ ಗಂಟು, ಹಸಿರು ಸೀರೆಯ ಚೂರಿನ ಸಮೇತ ಹಾಗೇ ಇತ್ತು. ಓಡಿಹೋಗುವವನು ಉಟ್ಟ ಬಟ್ಟೆ ಬದಲಿಸಲಾದರೂ ಒಮ್ಮೆ ಪೆಟ್ಟಿಗೆ ತೆಗೆದಿರಬೇಕಲ್ಲ. ಇವನು ತೆಗೆದೇ ಇಲ್ಲ. ಅಂದರೆ ಆ ಬಿಸಿಲಲ್ಲಿ ಒಂದು ರಾತ್ರಿ ಮಲಗುವ ಜಾಗದವರೆಗೂ ಅವನು ತಲುಪಿರಲಿಲ್ಲ. ದಾರಿಯಲ್ಲೇ ಎಲ್ಲೋ... ಯಾರೋ ಮಣ್ಣು ಮಾಡಿ, ಓಡಿಹೋದ ಎಂದುಬಿಟ್ಟಿದ್ದರು.

ಹಾಗೆಂದು ಬಾಯಿಬಿಟ್ಟರೆ ಊರಿನವರು ಏಜೆಂಟನನ್ನು ಸುಮ್ಮನೆ ಬಿಡುತ್ತಾರೆಯೇ? ಆ ಸಾಕ್ಷಿ ಉಳಿಯಬಾರದೆಂದು ಚಾಚಾ ಗಂಟನ್ನು ತಾವೇ ಬಿಚ್ಚಿದರು. ಒಳಗೆ ನೋಡಲು ಮಾತ್ರ ಧೈರ್ಯ ಬರಲಿಲ್ಲ. ಬಿಚ್ಚಿದ ಟ್ರಂಕನ್ನು ಅವನ ಹೆಂಡತಿಯ ಮುಂದೆ ಇಟ್ಟು, ಓಡಿಹೋದನಂತೆ ಎಂದು ಹೇಳಿ ಬಂದರು. ಆಮೇಲೆ ಒಬ್ಬ ಆಳನ್ನೂ ಕಳಿಸಲಿಲ್ಲ.

"ಮೊದಲು ಹೆದರಿ ಸುಮ್ಮನಿದ್ದೆ. ಆಮೇಲೆ ಆಯಮ್ಮನ ಹಣೆ ಮೇಲಿನ ಕುಂಕುಮ ನೋಡಿ ಸುಮ್ಮನಿದ್ದೆ. ಈಗ ನನಗೂ ವಯಸ್ಸಾಯ್ತು. ಅವನು ಬಿಟ್ಟು ಹೋದವನಲ್ಲ ಅಂತ ಹೇಳಿಬಿಡು ಬೇಟಿ."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು, ಈಗ ಒಬ್ಬ ಮುತ್ತೈದೆಯ ಕುಂಕುಮ ಅಳಿಸುವ ಕೆಲಸವನ್ನು ಇನ್ನೊಬ್ಬ ಮುತ್ತೈದೆಯ ತಲೆಗೆ ಕಟ್ಟುತ್ತೀರಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆಕೆಯ ಮನೆಯ ಗುರುತು ಬರೆದುಕೊಂಡೆ.

ಅಮ್ಮ ಚೇತರಿಸಿಕೊಂಡ ಮೇಲೆ ಆ ಊರಿಗೆ ಹೋದೆ. ಅಂಗಳದಲ್ಲಿ ಆಕೆ ರಾಗಿ ಕೇರುತ್ತಿದ್ದರು. ಹಣೆಯಲ್ಲಿ ಅಗಲವಾದ ಕುಂಕುಮ, ಕೈತುಂಬ ಹಸಿರು ಬಳೆ. ಒಳಗೆ ಮಂಚದ ಮೇಲೆ ಕಣ್ಣು ಕಾಣದ ಅತ್ತೆ. ಚಾಚಾನ ಕಡೆಯಿಂದ ಬಂದಿದ್ದೇನೆ ಎಂದೊಡನೆ ಆಕೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನಾನು ತಡವರಿಸುತ್ತ ಗಂಟಿನ ವಿಷಯ ಹೇಳಿದೆ. ಆಕೆ ಅಳಲಿಲ್ಲ.

"ಗೊತ್ತಿತ್ತು ಕಣಮ್ಮ. ಟ್ರಂಕಿನಲ್ಲಿ ಮೇಲುಗಡೆನೇ ಎಳ್ಳುಂಡೆ ಡಬ್ಬಿ ಇಟ್ಟಿದ್ದೆ. ತುಂಬಿದ್ದು ತುಂಬಿದಂಗೇ ಬಂತು. ಒಂದನ್ನೂ ಬಾಯಿಗೆ ಹಾಕದೆ ಓಡೋಗ್ತಾರಾ?"

ಮತ್ತೆ ಈ ಕುಂಕುಮ ಯಾಕೆ ಎಂಬಂತೆ ಆಕೆಯ ಹಣೆ ನೋಡಿದೆ. ಅರ್ಥವಾಯಿತೇನೋ, ಒಳಗಿನ ಮಂಚದ ಕಡೆ ಕಣ್ಣು ತೋರಿಸಿದರು. ಕಣ್ಣು ಹೋದಮೇಲೂ ಆ ಮುದುಕಿ ದಿನಾ ಸೊಸೆಯ ಕೈ ತಡವಿ ಬಳೆ ಇದೆಯೇ ಎಂದು ನೋಡುತ್ತಿದ್ದರಂತೆ.

"ಸಾಹೇಬರು ಒಂದಿನ ಬಂದು ತಾವೇ ಹೇಳ್ತಾರೆ ಅಂತ ಕಾಯ್ತಿದ್ದೆ. ನಿಮ್ಮ ಕೈಲಿ ಯಾಕಮ್ಮ ಹೇಳಿ ಕಳಿಸವ್ರೆ?"

ಹೊರಡುವಾಗ, ಮನೆಗೆ ಬಂದ ಮುತ್ತೈದೆ ಎಂದು ಆಕೆ ನನಗೆ ಅರಿಶಿನ ಕುಂಕುಮ ಕೊಟ್ಟರು. ತೆಗೆದುಕೊಂಡೆ. ಬಸ್ಸಿನಲ್ಲಿ ಕೂತು ಹುಚ್ಚಿಯ ಹಾಗೆ ಅತ್ತೆ.

ಕ್ಯಾಂಟನ್ನಿಗೆ ಬಂದು ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ಎಳ್ಳುಂಡೆಯ ಮಾತು ಬಂದಾಗ ಚಾಚಾ ಗರಾಜಿನ ಮೆಟ್ಟಿಲ ಮೇಲೆ ಕೂತರು. "ನಾನೇ ಹೋಗ್ತೀನಿ" ಎಂದರು. ಆ ವಾರವೇ ತಮ್ಮ ಸೂಟ್‌ಕೇಸ್ ಕಟ್ಟಿಕೊಂಡರು. ಬಟ್ಟೆ ಚೂರಿಗೆಂದು ನಮ್ಮ ಮನೆಗೆ ಬಂದು, ನೀನು ಇಲ್ಲೇ ಇರುವವಳಲ್ಲವೇ ಎಂದು ನನ್ನ ಮಗಳ ಹತ್ತಿರ ಅವಳ ನೀಲಿ ರಿಬ್ಬನ್ ಕೇಳಿ ಪಡೆದರು.

ಹೊರಡಲಾಗಲಿಲ್ಲ. ಮೊದಲು ಎದೆನೋವು ಬಂದು ಆಪರೇಷನ್ ಆಯಿತು. ಸುಧಾರಿಸಿಕೊಳ್ಳುವಷ್ಟರಲ್ಲಿ ನ್ಯೂಯಾರ್ಕಿನ ಆ ಕಟ್ಟಡಗಳು ಬಿದ್ದವು. ಮುಸ್ಲಿಂ ಹೆಸರು, ಉದ್ದ ಗಡ್ಡ, ಬಾರದ ಇಂಗ್ಲಿಷು. ಒಬ್ಬರನ್ನೇ ಕಳಿಸಿದರೆ ವಾಪಸ್ ಬಿಡುತ್ತಾರೋ ಇಲ್ಲವೋ ಎಂದು ಮಗ ಹೆದರಿದ. ಅವನನ್ನು ತಪ್ಪು ಎನ್ನಲಾರೆ. ಮುಂದಿನ ವರ್ಷ, ಅದರ ಮುಂದಿನ ವರ್ಷ ಎನ್ನುತ್ತಲೇ ಒಂದು ಜನವರಿಯಲ್ಲಿ ಚಾಚಾ ತೀರಿಹೋದರು. ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು, ಗುಂಡಿ ತೆಗೆಯಲು ಯಂತ್ರ ತರಿಸಬೇಕಾಯಿತು.

ಈಗ ಓಕ್ ಬ್ರೂಕ್‌ನಲ್ಲಿ ಕೆಲಸ ಮಾಡುವ ಮಗಳು ವೀಕೆಂಡಿಗೆ ಬಂದಾಗ ಸೂಟ್‌ಕೇಸ್ ನೋಡಿ "ಮಾಮ್, ದಟ್ಸ್ ಮೈ ರಿಬ್ಬನ್!" ಎಂದಳು. ಬಣ್ಣ ಮಾಸಿದ್ದರೂ ಗುರುತು ಹಿಡಿದಳು. ಬಿಚ್ಚೋಣ ಎಂದಳು. ನಾನು ಬಿಡಲಿಲ್ಲ.

ಊರಿನಲ್ಲಿ ಆಕೆ ಇನ್ನೂ ಇದ್ದಾರೆ. ಅತ್ತೆ ತೀರಿಕೊಂಡ ಮೇಲೆ ಕುಂಕುಮ ಬಿಟ್ಟರಂತೆ, ನನ್ನ ತಮ್ಮ ಫೋನಿನಲ್ಲಿ ಹೇಳಿದ. ಮುಂದಿನ ತಿಂಗಳು ಊರಿಗೆ ಹೊರಟಿದ್ದೇನೆ. ಈ ಸೂಟ್‌ಕೇಸನ್ನು ಹೀಗೇ ಒಯ್ದು ಆಕೆಯ ಮುಂದಿಟ್ಟುಬಿಟ್ಟರೆ ಸಾಕು, ಚಾಚಾ ಯಾಕೆ ಬರಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಿಚ್ಚದ ಗಂಟಿನ ಅರ್ಥ ಆಕೆಗೆ ಹೇಳಿಕೊಡಬೇಕೆ? ಆದರೆ ಈಗ ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ತಪಾಸಣೆಗೆಂದು ಹಗ್ಗ ಕತ್ತರಿಸಿ ಬಿಸಾಡುತ್ತಾರೆ. ಈ ಸಲವೂ ಆಕೆಯ ಕೈಗೆ ಸಿಗುವುದು ಬೇರೆ ಯಾರೋ ಬಿಚ್ಚಿದ ಪೆಟ್ಟಿಗೆಯೇ.